ಅರವತ್ತೆರಡು ಡಿಗ್ರಿ

ಮುನ್ನೂರು ಮೀಟರ್ ಗುಡ್ಡದ ಕೆಳಗೆ ಕೂತು ನಾನು ಮಾಡುವ ಕೆಲಸ ಏನು ಅಂತ ಯಾರಾದರೂ ಕೇಳಿದರೆ, ಫೋನ್ ಎತ್ತುವುದು ಅಂತಲೇ ಹೇಳಬೇಕು. ಕೇಳುವವರು ಯಾರೂ ಇಲ್ಲ ಅನ್ನುವುದು ಬೇರೆ ಮಾತು.

ನನ್ನ ಹೆಸರು ಓಬಳೇಶ. ವಯಸ್ಸು ಅರವತ್ತೇಳು. ಕರಡಿಕಲ್ಲು ಭೂಗರ್ಭ ವಿದ್ಯುದಾಗಾರದಲ್ಲಿ ಉಳಿದಿರುವ ಒಬ್ಬನೇ ಆಪರೇಟರ್. ನೆಲದಡಿಯ ವಿದ್ಯುದಾಗಾರದಲ್ಲಿ ಕನಿಷ್ಠ ಒಬ್ಬ ಮನುಷ್ಯ ಇರಲೇಬೇಕು ಅಂತ ಹಳೆಯ ನಿಯಮವೊಂದು ಪುಸ್ತಕದಲ್ಲಿ ಉಳಿದುಕೊಂಡಿದೆ. ಅದನ್ನು ತೆಗೆದುಹಾಕೋಕೆ ಯಾರಿಗೂ ಪುರಸೊತ್ತಾಗಿಲ್ಲ. ಹಾಗಾಗಿ ನಿವೃತ್ತಿಯಾದ ಮೇಲೂ ನನ್ನನ್ನೇ ಇಟ್ಟುಕೊಂಡಿದ್ದಾರೆ. ಯಂತ್ರ ನಡೆಸುವುದು ನಾನಲ್ಲ, 'ಅನುಭವಿ'.

ಅನುಭವಿ ಅಂದರೆ ಕಂಪ್ಯೂಟರ್. ಏಳು ವರ್ಷದ ಹಿಂದೆ ಯಾರೋ ಜಾಣರಿಗೆ ಒಂದು ಯೋಚನೆ ಹೊಳೆಯಿತು: ನಲವತ್ತೊಂದು ವರ್ಷ ಈ ಯಂತ್ರಗಳ ಜೊತೆ ಏಗಿದ ಮನುಷ್ಯರ ತಿಳಿವಳಿಕೆಯನ್ನೆಲ್ಲ ಒಂದು ಕಂಪ್ಯೂಟರಿಗೆ ಕಲಿಸಿಬಿಟ್ಟರೆ ಹೇಗೆ? ನಾವು ಗಂಟೆಗೊಮ್ಮೆ ಕೈಯಲ್ಲಿ ಬರೆದಿಟ್ಟ ಲಾಗ್‌ಬುಕ್ಕುಗಳನ್ನು ಲಾರಿಗೆ ತುಂಬಿಕೊಂಡು ಹೋದರು. ಒಂದೊಂದು ಮೀಟರಿಗೂ ಮೂರೂವರೆ ಲಕ್ಷ ರೀಡಿಂಗ್. ಅದನ್ನೆಲ್ಲ ಓದಿ ಅರಗಿಸಿಕೊಂಡು ಅನುಭವಿ ಎದ್ದು ಕೂತಿತು. ಆ ವರ್ಷವೇ ನಮ್ಮವರನ್ನೆಲ್ಲ ಮನೆಗೆ ಕಳಿಸಿದರು.

ನನಗೆ ಸಿಟ್ಟು ಬೇಗ ಬರುತ್ತೆ, ಅದು ನನ್ನ ಹಣೆಬರಹ. ಆದರೆ ಅನುಭವಿ ಬಂದಾಗ ನಾನು ಬಾಯಿ ಬಿಡಲಿಲ್ಲ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನಲವತ್ತೈದು ವರ್ಷ ಕರೆಂಟಿನ ಅನ್ನ ತಿಂದಿದ್ದೇನೆ. ಮೊದಲು ಕಲ್ಲಿದ್ದಲು ಸ್ಥಾವರ, ಆಮೇಲೆ ಗುಡ್ಡದ ಮೇಲಿನ ಗಾಳಿಯಂತ್ರ, ಕೊನೆಗೆ ಇಲ್ಲಿ. ಜನ ಏನೇನೋ ದೊಡ್ಡ ವಿಷಯ ಅಂದುಕೊಳ್ಳುತ್ತಾರೆ. ಉಪಾಯ ಒಂದೇ ಕಣ್ರೀ. ತಾಮ್ರದ ಸುರುಳಿಗಳ ನಡುವೆ ಅಯಸ್ಕಾಂತ ತಿರುಗಬೇಕು, ತಂತಿಯಲ್ಲಿ ಕರೆಂಟು ಹುಟ್ಟುತ್ತೆ. ಜಗಳ ಇರುವುದು ಅದನ್ನು ತಿರುಗಿಸುವವರು ಯಾರು ಅನ್ನುವುದರಲ್ಲಿ. ಕಲ್ಲಿದ್ದಲು ಸ್ಥಾವರದಲ್ಲಿ ಕಲ್ಲಿದ್ದಲನ್ನು ಮೈದಾಹಿಟ್ಟಿನಷ್ಟು ನುಣ್ಣಗೆ ಅರೆದು, ಬಾಯ್ಲರಿಗೆ ಊದಿ ಉರಿಸಿ, ನೀರನ್ನು ಆವಿ ಮಾಡಿ, ಆ ಆವಿಯನ್ನು ಚಕ್ರದ ಅಲಗಿನ ಮೇಲೆ ಬಿಡುತ್ತಿದ್ದೆವು. ಅಣು ಸ್ಥಾವರದಲ್ಲೂ ಕುದಿಯುವುದು ಅದೇ ನೀರು, ಒಲೆ ಮಾತ್ರ ಬೇರೆ. ಗಾಳಿಯಂತ್ರದಲ್ಲಿ ಒಲೆಯೂ ಬೇಡ, ಗಾಳಿಯೇ ರೆಕ್ಕೆ ತಿರುಗಿಸುತ್ತೆ, ಬಾರದ ದಿನ ಬಾಯಿ ಮುಚ್ಚಿಕೊಂಡು ಕೂರಬೇಕು. ತಿರುಗದೇ ಕರೆಂಟು ಕೊಡುವುದು ಸೌರಫಲಕ ಒಂದೇ. ಬಿಸಿಲು ಬಿದ್ದರೆ ಸಿಲಿಕಾನಿನೊಳಗೆ ಎಲೆಕ್ಟ್ರಾನುಗಳು ಜಾಗ ಬಿಟ್ಟು ಹೊರಡುತ್ತವೆ, ಅಷ್ಟೆ. ಸದ್ದಿಲ್ಲ, ಹೊಗೆಯಿಲ್ಲ, ಸಂಜೆಯಾದರೆ ಕರೆಂಟೂ ಇಲ್ಲ.

ಈಗ ದೇಶವೆಲ್ಲ ಸೌರಫಲಕ. ಕಲ್ಲಿದ್ದಲಿನ ಒಲೆಗಳು ಆರಿ ಎಷ್ಟೋ ವರ್ಷವಾಯಿತು. ಹಗಲು ಉಳಿದ ಕರೆಂಟಿನಲ್ಲಿ ನಮ್ಮ ಯಂತ್ರ ಕೆಳಗಿನ ಕೆರೆಯ ನೀರನ್ನು ಗುಡ್ಡದ ಮೇಲಿನ ಕೆರೆಗೆ ಎತ್ತುತ್ತೆ. ಸಂಜೆ ಅದೇ ನೀರು ಸುರಂಗದಲ್ಲಿ ಧುಮುಕಿ ಅದೇ ಯಂತ್ರವನ್ನು ತಿರುಗಿಸಿ ಕರೆಂಟು ಕೊಡುತ್ತೆ. ಮೂರು ಯಂತ್ರ ಇದ್ದವು. ಎರಡನ್ನು ಬಿಚ್ಚಿ ಬಿಡಿಭಾಗ ಮಾಡಿಕೊಂಡರು. ಉಳಿದಿರುವುದು ಮೂರನೆಯದು. ಅದರ ನಾನೂರು ಟನ್ನಿನ ತೂಕ ಮಿನಿಟಿಗೆ ಮುನ್ನೂರ ಎಪ್ಪತ್ತೈದು ಸುತ್ತು ತಿರುಗುತ್ತೆ. ದಕ್ಷಿಣದ ಗ್ರಿಡ್ಡಿನಲ್ಲಿ, ಅಂದರೆ ಊರೂರಿನ ಕರೆಂಟು ತಂತಿಗಳೆಲ್ಲ ಸೇರಿದ ಜಾಲದಲ್ಲಿ, ಅಷ್ಟು ಭಾರದ್ದು ತಿರುಗುತ್ತಿರುವುದು ಇನ್ನು ನಾಲ್ಕೋ ಐದೋ. ಊರವರೆಲ್ಲ ಒಟ್ಟಿಗೆ ದೀಪ ಹಾಕಿದಾಗ ಗ್ರಿಡ್ಡು ಕುಸಿಯದ ಹಾಗೆ ಮೊದಲ ಕೆಲವು ಸೆಕೆಂಡು ತಡೆದು ಹಿಡಿಯುವುದು ಈ ಭಾರವೇ. ಭರ್ತಿ ಹೇರಿದ ಗಾಡಿ ಹೋಗುತ್ತಾ ಹೋಗುತ್ತಾ ತಟ್ಟನೆ ನಿಲ್ಲಲ್ಲ ನೋಡಿ, ಹಾಗೆ.

ನಾನು ಇರುವುದು ಕಾಲನಿಯಲ್ಲಿ, ವಿದ್ಯುದಾಗಾರಕ್ಕೆ ಹೋಗುವ ಸುರಂಗದ ಬಾಯಿಯಿಂದ ಎರಡು ಕಿಲೋಮೀಟರ್. ಮುನ್ನೂರು ಚಿಲ್ಲರೆ ಕ್ವಾರ್ಟರ್ಸು. ಸೊಸೈಟಿ ಅಂಗಡಿ, ಶಾಲೆ, ಡಿಸ್ಪೆನ್ಸರಿ, ಕ್ಲಬ್ಬು, ಎಲ್ಲಕ್ಕೂ ಬೀಗ. ದೀಪ ಹತ್ತುವುದು ನನ್ನ ಮನೆಯಲ್ಲಿ ಮಾತ್ರ. ಹೆಂಡತಿ ಗೌರಮ್ಮ ಹೋಗಿ ಒಂಬತ್ತು ವರ್ಷ. ಮಕ್ಕಳಿಲ್ಲ. ಬೆಳಿಗ್ಗೆ ನಾನು ಮುದ್ದೆ ತಿರುವುತ್ತೇನೆ. ಒಬ್ಬನಿಗೆ ಅಂತ ಮುದ್ದೆ ಮಾಡೋಕೆ ಇವತ್ತಿನವರೆಗೂ ನನಗೆ ಬಂದಿಲ್ಲ, ಯಾವಾಗಲೂ ಎರಡಾಗುತ್ತೆ. ಒಂದನ್ನು ರಾತ್ರಿ ತಣ್ಣಗೆ ತಿನ್ನುತ್ತೇನೆ. ಕಾಲನಿಯ ರಸ್ತೆಯಲ್ಲಿ ನಡೆಯುವಾಗ ನನ್ನ ಚಪ್ಪಲಿ ಸದ್ದು ನನಗೇ ಕೇಳಿ ಎಷ್ಟೋ ಸಲ ಹಿಂದೆ ತಿರುಗಿ ನೋಡಿದ್ದೇನೆ. ಹೇಳಿಕೊಳ್ಳೋಕೆ ನಾಚಿಕೆಯಾಗುತ್ತೆ, ಆದರೆ ನಿಜ.

ಇಂಥಾ ಬದುಕಿನಲ್ಲಿ ಆ ಫೋನು. ಕಂಟ್ರೋಲ್ ರೂಮಿನ ಮೇಜಿನ ಮೇಲಿರುವ ಹಳೆಯ ಕಪ್ಪು ಫೋನು. ರಾಜಧಾನಿಯ ಲೋಡ್ ಡೆಸ್ಪ್ಯಾಚ್ ಕೇಂದ್ರದಿಂದ, ಅಂದರೆ ರಾಜ್ಯದ ಯಾವ ಯಂತ್ರ ಎಷ್ಟು ಕರೆಂಟು ಕೊಡಬೇಕು ಅಂತ ತೀರ್ಮಾನಿಸುವ ಕಡೆಯಿಂದ, ಗಂಟೆಗೊಂದು ಸಲ ಕರೆ ಬರುತ್ತೆ. ನಾವು ಮೆಗಾವ್ಯಾಟು, ಯಾವಾಗಲೂ ಐವತ್ತರ ಹತ್ತಿರ ಇರಬೇಕಾದ ಫ್ರೀಕ್ವೆನ್ಸಿ, ಮೇಲಿನ ಕೆರೆಯ ಮಟ್ಟ ಓದಿ ಹೇಳಬೇಕು, ಅವರು ಬರೆದುಕೊಳ್ಳಬೇಕು. ಹಳೇ ಕಾಲದ ಪದ್ಧತಿ. ಇಲ್ಲಿಂದ ಕರೆ ಹೋಗುವುದನ್ನು ಅನುಭವಿ ಬಂದ ಮೇಲೆ ಕಿತ್ತುಹಾಕಿದರು, ಅಲ್ಲಿಂದ ಬರುವುದು ಮಾತ್ರ ಉಳಿಯಿತು. ಫೋನ್ ಮಾಡುವವಳು ಫರ್ಜಾನಾ. ಹನ್ನೊಂದು ವರ್ಷದಿಂದ ಅವಳೇ. ಮಧ್ಯಾಹ್ನ ಎರಡರಿಂದ ರಾತ್ರಿ ಒಂಬತ್ತರವರೆಗೆ ಅವಳ ಪಾಳಿ. ಉಳಿದ ಪಾಳಿಯವರು ಶುದ್ಧ ಸೋಮಾರಿಗಳು, ಒಂದು ದಿನವೂ ಫೋನ್ ಮಾಡಲ್ಲ, ನಾನೂ ಬೈದುಕೊಂಡು ಸುಮ್ಮನಾಗುತ್ತೇನೆ.

"ಓಬಳೇಶಣ್ಣ, ಹೇಳಿ" ಅನ್ನುತ್ತಾಳೆ.

"ಇನ್ನೂರ ನಲವತ್ತೆಂಟು. ನಲವತ್ತೊಂಬತ್ತು ಪಾಯಿಂಟ್ ಒಂಬತ್ತೇಳು. ಮಟ್ಟ ಹನ್ನೆರಡೂವರೆ."

"ಬರ್ಕೊಂಡೆ. ಊಟ ಆಯ್ತಾ? ಇವತ್ತೂ ಎರಡು ಮುದ್ದೆನಾ?"

"ನಿಂಗ್ಯಾಕಮ್ಮ ನನ್ನ ಮುದ್ದೆ ಲೆಕ್ಕ? ನಿನ್ನ ಡಬ್ಬಿಯಲ್ಲಿ ಏನೈತೆ ಹೇಳು."

ಒಂದು ನಿಮಿಷ, ಹೆಚ್ಚೆಂದರೆ ಎರಡು. ಮುಖ ನೋಡಿಲ್ಲ. ಅವಳ ಹಿಂದೆ ದೊಡ್ಡ ಹಾಲು, ಸಾಲುಸಾಲು ಮೇಜು, ಗಜಿಬಿಜಿ, ಕಾಫಿ ಹಂಚುವವರು, ಇಷ್ಟೆಲ್ಲ ನಾನೇ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದೆ. ಆ ಗದ್ದಲದ ಮಧ್ಯೆಯೂ ಈ ಮುದುಕನಿಗೆ ಅಂತ ಎರಡು ನಿಮಿಷ ಇಡುತ್ತಾಳಲ್ಲ ಅಂತ ಸಂತೋಷವಾಗುತ್ತಿತ್ತು. ದಿನಕ್ಕೆ ಎಂಟು ಕರೆ. ನನ್ನ ಜೊತೆ ಮಾತಾಡುವ ಮನುಷ್ಯರು ಈ ಭೂಮಿಯ ಮೇಲೆ ಇನ್ನೊಬ್ಬರಿಲ್ಲ.

ಈಗ ಅರವತ್ತೆರಡರ ವಿಷಯ ಹೇಳಲೇಬೇಕು.

ಮೂರನೇ ಯಂತ್ರದ ದಂಡ ನೆಟ್ಟಗೆ ನಿಂತಿರುತ್ತೆ. ಮೇಲೆ ಜನರೇಟರು, ಕೆಳಗೆ ನೀರಿನ ಚಕ್ರ. ದಂಡ ಅಲುಗದ ಹಾಗೆ ಹಿಡಿಯೋಕೆ ಕೆಳಗೊಂದು ಬೇರಿಂಗು, ಎಣ್ಣೆಯಲ್ಲಿ ಮುಳುಗಿರುವ ದಪ್ಪ ಬಳೆ ಅಂದುಕೊಳ್ಳಿ. ಅದರ ಶಾಖ ತೋರಿಸುವ ಗಡಿಯಾರದಂಥ ಮೀಟರು ಇರುವುದು ಕಂಟ್ರೋಲ್ ರೂಮಿನಿಂದ ನೂರ ಮೂವತ್ತೆಂಟು ಮೆಟ್ಟಿಲು ಕೆಳಗೆ. ನೀರು ತೊಟ್ಟಿಕ್ಕುವ, ಕಿವಿ ಕಿತ್ತುಹೋಗುವ ಸದ್ದಿನ ಗುಂಡಿ ಅದು. ಗಂಟೆಗೊಮ್ಮೆ ಇಳಿದು ಓದಿ, ಹತ್ತಿ ಬಂದು ಬರೆಯಬೇಕು ಅಂತ ನಿಯಮ. ಇಪ್ಪತ್ತಾರು ವರ್ಷದ ಹಿಂದೆ ನಾನು ಇಲ್ಲಿಗೆ ಬಂದ ಮೊದಲ ದಿನ ಪುಸ್ತಕ ಹಿಡಿದು ಇಳಿಯೋಕೆ ಹೊರಟೆ. ಪಾಳಿ ಒಪ್ಪಿಸುತ್ತಿದ್ದ ಹಿರಿಯರು ಚನ್ನವೀರಯ್ಯನವರು ನಕ್ಕರು.

"ಎಲ್ಲಿಗೆ ಹೊಂಟೆ? ಕೆಳ ಬೇರಿಂಗಿಗಾ? ಅರವತ್ತೆರಡು ಅಂತ ಬರ್ಕೊಳ್ಳೋ. ಬ್ಯಾಸಿಗೇಲಿ ಅರವತ್ಮೂರು ಹಾಕು, ಮಳೆಗಾಲದಾಗೆ ಅರವತ್ತೊಂದು. ಒಂದೇ ಥರ ಇದ್ರೆ ಸಾಹೇಬ್ರಿಗೆ ಅನುಮಾನ ಬತ್ತೈತೆ."

ಅವರಿಗೂ ಅವರ ಹಿರಿಯರು ಹಾಗೇ ಹೇಳಿಕೊಟ್ಟಿದ್ದರು. ಪಾಳಿಯಿಂದ ಪಾಳಿಗೆ ಬೀಗದ ಕೈ ಕೊಟ್ಟ ಹಾಗೆ ಅರವತ್ತೆರಡನ್ನೂ ಕೊಡುತ್ತಿದ್ದೆವು. ಹತ್ತೊಂಬತ್ತು ವರ್ಷ ನಾನೂ ಬರೆದೆ. ನಿಜವಾಗಿ ಇಳಿದು ನೋಡಿದ್ದು ಮೂರೇ ಸಲ. ಏನೂ ಆಗಲಿಲ್ಲವಲ್ಲ, ಅದೇ ನಮ್ಮ ಧೈರ್ಯ.

ಆ ಮೂರೂವರೆ ಲಕ್ಷ ಸುಳ್ಳನ್ನು ಅನುಭವಿ ನಂಬಿತು. ಬೇಸಿಗೆಯ ಅರವತ್ಮೂರು, ಮಳೆಗಾಲದ ಅರವತ್ತೊಂದು, ಎಲ್ಲವನ್ನೂ ಶ್ರದ್ಧೆಯಿಂದ ಕಲಿಯಿತು. ಆಗಲೇ ಕೆಳ ಬೇರಿಂಗಿಗೆ ಹೊಸ ಸೆನ್ಸರ್ ಕೂರಿಸಿದ್ದರು. ಮೊದಲ ದಿನವೇ ಅದು ಎಪ್ಪತ್ತು ತೋರಿಸಿತು. ನಲವತ್ತೊಂದು ವರ್ಷದ ದಾಖಲೆಯಲ್ಲಿ ಎಪ್ಪತ್ತು ಎಲ್ಲೂ ಇಲ್ಲ, ಆದ್ದರಿಂದ ಸೆನ್ಸರೇ ತಪ್ಪು ಅಂತ ಅನುಭವಿ ತೀರ್ಮಾನಿಸಿ, ಎಂಟು ಕಳೆದು ಅರವತ್ತೆರಡು ಅಂತ ತಿದ್ದಿಕೊಂಡಿತು. ಪರದೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಅದನ್ನು ನೋಡಿದವನು ನಾನೊಬ್ಬನೇ. ಬಾಯಿ ಬಿಟ್ಟರೆ ನನ್ನದು, ಸತ್ತು ಮಣ್ಣಾಗಿರುವ ಚನ್ನವೀರಯ್ಯನವರದು, ಎಲ್ಲರ ಮಾನವೂ ಹೋಗುತ್ತಿತ್ತು. ಸುಮ್ಮನಿದ್ದೆ. ವರ್ಷ ವರ್ಷ ಆ ಕಳೆಯುವ ಸಂಖ್ಯೆ ಬೆಳೆಯುತ್ತಾ ಹೋಯಿತು. ಹತ್ತು, ಹದಿನಾಲ್ಕು, ಹದಿನೇಳು. ಆಗಲೂ ಸುಮ್ಮನಿದ್ದೆ.

ಇವತ್ತು ಸಂಜೆ ಐದಕ್ಕೆ ಯಂತ್ರ ಕರೆಂಟು ಕೊಡೋಕೆ ಶುರುಮಾಡಿತು. ಐದರ ಕರೆಯಲ್ಲಿ ಫರ್ಜಾನಾಗೆ ನೆಗಡಿ, ಮೂಗು ಏರಿಸುತ್ತಾ ಬರೆದುಕೊಂಡಳು. ಕಷಾಯ ಕುಡಿ ಅಂದೆ. ಫೋನಿಟ್ಟು ಕಾಲು ಗಂಟೆಯಾಗಿರಬೇಕು, ಮೂಗಿಗೆ ಬಿಸಿ ಎಣ್ಣೆಯ ವಾಸನೆ ಬಂತು. ಬೋಂಡ ಕರಿಯುವ ಬಾಣಲೆ ಹೊತ್ತಿ ಹೋಗುವ ಮುಂಚೆ ಬರುತ್ತಲ್ಲ, ಆ ವಾಸನೆ. ಪರದೆಯಲ್ಲಿ ನೋಡಿದೆ. ಕೆಳ ಬೇರಿಂಗು, ತಿದ್ದಿದ ಮೌಲ್ಯ ಅರವತ್ತೆರಡು. ಮೂಲೆಯಲ್ಲಿ ಮೂಲ ಮೌಲ್ಯ ಎಂಬತ್ತೆಂಟು.

ಮಂಡಿ ನೋವು ಅಂತ ಕೂರಲಿಲ್ಲ. ಕಂಬಿ ಹಿಡಿದುಕೊಂಡು ನೂರ ಮೂವತ್ತೆಂಟು ಮೆಟ್ಟಿಲೂ ಇಳಿದೆ. ಕೆಳಗೆ ಹೊಗೆ ತೆಳ್ಳಗೆ ಕವಿದಿತ್ತು. ಹಳೇ ಮೀಟರಿನ ಗಾಜು ಒರೆಸಿ ಟಾರ್ಚು ಬಿಟ್ಟೆ. ಮುಳ್ಳು ತೊಂಬತ್ತು ದಾಟಿತ್ತು. ಬೇರಿಂಗಿನ ಒಳಗಿನ ಮೆತ್ತನೆ ಲೋಹ ಇನ್ನು ಹೆಚ್ಚು ಹೊತ್ತು ತಡೆಯಲ್ಲ. ಅದು ಕರಗಿದರೆ ನಾನೂರು ಟನ್ನು ಆ ವೇಗದಲ್ಲಿ ಕಚ್ಚಿಕೊಳ್ಳುತ್ತೆ. ಯಂತ್ರ ಒಡೆದು ಸುರಂಗದ ನೀರು ಒಳಗೆ ನುಗ್ಗುತ್ತೆ. ಅದು ನನ್ನೊಬ್ಬನ ಪಾಡು, ಹೋಗಲಿ. ಆದರೆ ಸಂಜೆ ದೀಪ ಹತ್ತುವ ಹೊತ್ತಿನಲ್ಲಿ ಇನ್ನೂರೈವತ್ತು ಮೆಗಾವ್ಯಾಟು, ಅದರ ಜೊತೆ ಆ ಭಾರ, ಒಂದೇ ಏಟಿಗೆ ಗ್ರಿಡ್ಡಿನಿಂದ ಕಳಚಿಕೊಂಡರೆ ಊರ ಮೇಲೆ ಊರು ಕತ್ತಲಾಗುತ್ತಾ ಹೋಗುತ್ತೆ. ಲಿಫ್ಟಿನಲ್ಲಿರುವವರು, ಸುರಂಗ ರೈಲಿನಲ್ಲಿರುವವರು, ಆಪರೇಷನ್ ಟೇಬಲ್ಲಿನ ಮೇಲೆ ಮಲಗಿರುವವರು. ತುರ್ತಿಗೆ ಅಂತ ಇರುವ ಕೆಂಪು ಗುಂಡಿ ಒತ್ತಿ ನಾನೇ ನಿಲ್ಲಿಸಿದರೂ ಗ್ರಿಡ್ಡಿಗೆ ಬೀಳುವ ಏಟು ಅದೇ. ಡೆಸ್ಪ್ಯಾಚಿನವರು ಮೊದಲು ಬೇರೆ ಕಡೆಯಿಂದ ಬ್ಯಾಟರಿ, ಗಾಳಿ, ಏನಾದರೂ ಎತ್ತಿ ಕಟ್ಟಿ, ಆಮೇಲೆ ಇದನ್ನು ನಿಧಾನಕ್ಕೆ ಇಳಿಸಬೇಕು.

ಏದುಸಿರು ಬಿಡುತ್ತಾ ಹತ್ತಿ ಬಂದು ಅನುಭವಿಗೆ ಹೇಳಿದೆ. "ಕೆಳ ಬೇರಿಂಗು ಸುಡ್ತಾ ಐತೆ. ತೊಂಬತ್ತು ದಾಟೈತೆ. ಲೋಡು ಇಳಿಸು."

ಅದು ತನ್ನ ಸಮಾಧಾನದ ದನಿಯಲ್ಲಿ ಅಂದಿತು: "ನಲವತ್ತೊಂದು ವರ್ಷಗಳ ದಾಖಲೆಯ ಪ್ರಕಾರ ಈ ಬೇರಿಂಗ್ ಅರವತ್ತಮೂರು ಡಿಗ್ರಿ ಮೀರಿಲ್ಲ. ಸೆನ್ಸರ್ ದೋಷ ಈಗಾಗಲೇ ತಿಳಿದಿದೆ. ನಿಮ್ಮ ಅನಿಸಿಕೆಯನ್ನು ತಿಂಗಳ ಪರಿಶೀಲನೆಗೆ ಸೇರಿಸಲಾಗಿದೆ."

"ಆ ದಾಖಲೆ ಸುಳ್ಳು ಕಣಯ್ಯಾ. ನಾನೇ ಬರೆದಿದ್ದು."

"ದಾಖಲೆಗಳಿಗೆ ನಲವತ್ತೇಳು ಆಪರೇಟರುಗಳ ಸಹಿ ಇದೆ. ನಿಮ್ಮೊಬ್ಬರ ಹೇಳಿಕೆಗಿಂತ ಅದಕ್ಕೆ ಹೆಚ್ಚಿನ ತೂಕವಿದೆ."

ಮೊಬೈಲು ಈ ಗುಡ್ಡದೊಳಗೆ ಕೆಲಸ ಮಾಡಲ್ಲ. ಸುರಂಗ ದಾಟಿ ಹೊರಗೆ ಹೋಗಿ ಕಂಪನಿಗಾಗಲಿ ಡೆಸ್ಪ್ಯಾಚಿಗಾಗಲಿ ಫೋನ್ ಹಚ್ಚಿದರೂ ಅಲ್ಲಿ ಎತ್ತುವುದು ಇದೇ ಅನುಭವಿ. ಉಳಿದ ದಾರಿ ಒಂದೇ, ಆರರ ಕರೆ. ಐದೂ ಐವತ್ತು. ಹತ್ತು ನಿಮಿಷ ಆ ಫೋನಿನ ಮುಂದೆ ಕೂತೆ. ಆ ಲೈನಿನಲ್ಲಿ ಆಡಿದ ಪ್ರತಿ ಮಾತೂ ರೆಕಾರ್ಡ್ ಆಗುತ್ತೆ ಅಂತ ನಮಗೆ ಮೊದಲಿಂದ ಹೇಳಿದ್ದರು. ನಿಜ ಹೇಳಿದ ತಕ್ಷಣ ನಾಳೆ ವಿಚಾರಣೆ. ಮನುಷ್ಯ ಬರೆದದ್ದಕ್ಕೆ, ಮನುಷ್ಯ ಓದಿ ಹೇಳಿದ್ದಕ್ಕೆ ಬೆಲೆಯೇ ಇಲ್ಲ ಅಂತಾಗುತ್ತೆ. ಒಬ್ಬ ಮನುಷ್ಯ ಇರಲೇಬೇಕು ಅನ್ನುವ ಆ ಹಳೇ ನಿಯಮ ಅಳಿಸುತ್ತಾರೆ, ನನ್ನನ್ನು ಕಳಿಸುತ್ತಾರೆ, ಫೋನೂ ಹೋಗುತ್ತೆ. ಜೈಲಿಗೆ ಹಾಕಿದರೂ ನನಗೆ ಅಷ್ಟು ಹೆದರಿಕೆ ಇರಲಿಲ್ಲ. ಅವಳು ಇನ್ನು ಕರೆ ಮಾಡಲ್ಲವಲ್ಲ, ಹೆದರಿಕೆ ಅದೊಂದೇ.

ಆರಕ್ಕೆ ಫೋನಿನ ಗಂಟೆ ಹೊಡೆಯಿತು.

"ಓಬಳೇಶಣ್ಣ, ಹೇಳಿ."

"ಫರ್ಜಾನಮ್ಮ, ಇವತ್ತು ನಂಬರ್ ಬ್ಯಾಡ. ನಾನು ಹೇಳೋದನ್ನ ನಡುವೆ ತಡೀದೆ ಕೇಳು."

ಎಲ್ಲ ಹೇಳಿದೆ. ಅರವತ್ತೆರಡು, ಅರವತ್ಮೂರು, ಚನ್ನವೀರಯ್ಯ, ಹತ್ತೊಂಬತ್ತು ವರ್ಷ, ಸುಮ್ಮನಿದ್ದ ಏಳು ವರ್ಷ, ಈಗಿನ ತೊಂಬತ್ತು.

"ಇದು ರೆಕಾರ್ಡ್ ಆಗೈತಲ್ಲ, ನಿಮ್ಮ ಸಾಹೇಬರಿಗೆ ಕೇಳಿಸಮ್ಮ. ಬೇಗ ಲೋಡು ಇಳಿಸಿಸು."

"ರೆಕಾರ್ಡ್ ಆಗಿಲ್ಲ ಅಣ್ಣ" ಅಂದಳು.

"ಹಂಗಂದ್ರೆ?"

"ಈ ಲೈನನ್ನ ಬಿಟ್ಟುಬಿಟ್ಟು ಏಳು ವರ್ಷ ಆಯ್ತು. ಅನುಭವಿ ಬಂದ ವರ್ಷವೇ ಆದೇಶ ಬಂತು, ಗಂಟೆ ರೀಡಿಂಗ್ ಇನ್ನು ಬೇಡ, ಎಲ್ಲ ತಾನೇ ಬರುತ್ತೆ ಅಂತ. ನಿಮಗೆ ತಿಳಿಸಬೇಕಾದವರು ಅಷ್ಟೊತ್ತಿಗೆ ವರ್ಗ ಆಗಿ ಹೋಗಿದ್ರು. ನಾನೂ ತಿಳಿಸಲಿಲ್ಲ."

ನನಗೆ ಒಂದು ಗಳಿಗೆ ಏನೂ ಅರ್ಥವಾಗಲಿಲ್ಲ. "ಮತ್ತೆ ಬರ್ಕೊಂಡೆ ಬರ್ಕೊಂಡೆ ಅಂತಿದ್ದೆಯಲ್ಲ?"

"ಎಲ್ಲೂ ಬರೀತಿರಲಿಲ್ಲ. ನೀವು ಹೇಳೋ ಮುಂಚೆನೇ ನನ್ನ ಪರದೆಯಲ್ಲಿ ಇರ್ತಿತ್ತು." ಮೂಗು ಏರಿಸಿದಳು. "ಇಲ್ಲಿ ಇಪ್ಪತ್ತೆಂಟು ಕುರ್ಚಿ ಇದಾವೆ ಅಣ್ಣ. ನಾನೊಬ್ಬಳೇ ಇರೋದು. ಮನೆಗೆ ಹೋದ್ರೂ ಒಬ್ಬಳೇ. ಗಂಟೆ ಆದ್ರೆ ನೀವು ಫೋನ್ ಎತ್ತುತ್ತೀರಿ ಅಂತ ಮಾಡ್ತಿದ್ದೆ. ನಿಲ್ಲಿಸೋಕೆ ಮನಸ್ಸು ಬರಲಿಲ್ಲ."

ಇಷ್ಟು ವರ್ಷ ಅವಳು ನನಗೋಸ್ಕರ ಬಿಡುವು ಮಾಡಿಕೊಳ್ಳುತ್ತಾಳೆ ಅಂದುಕೊಂಡಿದ್ದೆ. ಬಿಸಿ ಎಣ್ಣೆಯ ವಾಸನೆ ಹೆಚ್ಚಾಗುತ್ತಲೇ ಇತ್ತು.

"ಈಗ ಏನ್ ಮಾಡೋದಮ್ಮ?"

"ಯಂತ್ರ ಇಳಿಸೋ ಅಧಿಕಾರ ನನಗಿದೆ. ಆದರೆ ಕಾರಣ ಬರೀಬೇಕು, ಯಾರು ಹೇಳಿದ್ರು, ಯಾವ ಲೈನಲ್ಲಿ ಹೇಳಿದ್ರು ಅಂತ ಬರೀಬೇಕು. ಇಲ್ಲದಿದ್ರೆ ಅನುಭವಿ ಒಪ್ಪಲ್ಲ. ಲೈನ್ ಹೆಸರು ಬರೆದ ಕೂಡಲೇ ಅದನ್ನ ಕತ್ತರಿಸ್ತಾರೆ. ಅನುಮತಿ ಇಲ್ಲದ ಲೈನು ತಾನೇ."

"ನಿನ್ನ ಕೆಲಸ?"

"ಹೋಗುತ್ತೆ ಅನ್ಸುತ್ತೆ." ಅಂದಳು, ಫೋನ್ ಮಾತ್ರ ಇಡಲಿಲ್ಲ. ಅವಳಿಗೂ ಫೋನ್ ಇಡೋಕೆ ಮನಸ್ಸಿಲ್ಲ ಅಂತ ನನಗೆ ತಿಳಿಯಿತು. ನನಗೂ ಇರಲಿಲ್ಲ. ಒಂದೊಂದು ಸೆಕೆಂಡಿಗೂ ಕೆಳಗೆ ಮುಳ್ಳು ಏರುತ್ತಿದೆ ಅಂತ ಇಬ್ಬರಿಗೂ ಗೊತ್ತಿತ್ತು.

"ಇಡಮ್ಮ" ಅಂದೆ. "ಇಟ್ಟು ಬರಿ."

"ಇಡ್ತೀನಿ ಅಣ್ಣ. ಬಿಸಿ ಬಿಸಿ ಊಟ ಮಾಡಿ."

ಅಷ್ಟೇ ನಮ್ಮ ಕೊನೆಯ ಮಾತು.

ಆರೂ ಹನ್ನೆರಡಕ್ಕೆ ಪರದೆಯ ಮೇಲೆ ಇನ್ನೂರ ನಲವತ್ತೆಂಟು ಇದ್ದದ್ದು ಇನ್ನೂರ ನಲವತ್ತಾಯಿತು. ಆಮೇಲೆ ಇನ್ನೂರ ಇಪ್ಪತ್ತು. ಅವಳು ಬರೆದಳು ಅಂತ ನನಗೆ ಗೊತ್ತಾಗಿದ್ದು ಹೀಗೆ. ಎಲ್ಲಿಂದಲೋ ಬ್ಯಾಟರಿ, ಇನ್ನೆಲ್ಲಿಂದಲೋ ಗಾಳಿ ತಂದು ಜೋಡಿಸುತ್ತಾ, ಇದನ್ನು ಮೆಟ್ಟಿಲು ಇಳಿಸಿದ ಹಾಗೆ ಇಳಿಸುತ್ತಾ ಬಂದಳು. ನೂರೈವತ್ತು. ಎಂಬತ್ತು. ಫ್ರೀಕ್ವೆನ್ಸಿ ಒಂದು ಸಲ ಕೊಂಚ ಕುಗ್ಗಿ ಮತ್ತೆ ಐವತ್ತಕ್ಕೆ ಬಂದು ನಿಂತಿತು. ಎಂಥ ಕೈ ಅವಳದು ಅಂತ ನನಗೆ ಅಭಿಮಾನವಾಯಿತು. ಆರೂ ನಲವತ್ತಕ್ಕೆ ಸೊನ್ನೆ. ಸ್ವಿಚ್ಚು ಕಳಚಿದ ಸದ್ದು ಬಂತು. ನೀರಿನ ಬಾಗಿಲು ಮುಚ್ಚಿತು. ನಾನೂರು ಟನ್ನು ಸುಮಾರು ಹೊತ್ತು ತನ್ನ ಪಾಡಿಗೆ ತಿರುಗಿ, ಬ್ರೇಕು ಹಿಡಿದು, ನಿಂತಿತು. ಊರುಗಳಲ್ಲಿ ಒಂದು ಬಲ್ಬೂ ಮಿಟುಕಿರಲಿಕ್ಕಿಲ್ಲ. ಯಾರಿಗೂ ಏನೂ ಗೊತ್ತಾಗಿರಲಿಕ್ಕಿಲ್ಲ.

ಏಳಕ್ಕೆ ಫೋನ್ ಬರಲಿಲ್ಲ. ಏಳೂ ಕಾಲಿಗೆ ಎತ್ತಿ ಕಿವಿಗಿಟ್ಟೆ. ಸದ್ದೇ ಇಲ್ಲ, ಕತ್ತರಿಸಿದ್ದರು.

ಬೆಳಗಾದರೆ ವಿಚಾರಣೆಯವರು ಬರುತ್ತಾರೆ, ಬರಲಿ. ಕೇಳಿದ್ದಕ್ಕೆಲ್ಲ ನಿಜವನ್ನೇ ಹೇಳುತ್ತೇನೆ. ಯೋಚನೆ ಅದಲ್ಲ. ಫರ್ಜಾನಾ ಇನ್ನು ಎಲ್ಲಿಗೆ ಹೋಗುತ್ತಾಳೆ, ಅವಳನ್ನು ಎಲ್ಲಿ ಅಂತ ಹುಡುಕಲಿ? ಅವಳ ತಂದೆಯ ಹೆಸರು ನನಗೆ ಗೊತ್ತಿಲ್ಲ, ಯಾವ ಬೀದಿಯಲ್ಲಿದ್ದಾಳೆ ಅಂತ ಗೊತ್ತಿಲ್ಲ. ಹನ್ನೊಂದು ವರ್ಷದಲ್ಲಿ ಅವಳ ಮನೆಯ ನಂಬರ್ ಕೇಳಬೇಕು ಅಂತ ನನಗೆ ಒಂದು ಸಲವೂ ಹೊಳೆದಿರಲಿಲ್ಲ. ಗಂಟೆಗೊಂದು ಸಲ ಅವಳೇ ಮಾಡುತ್ತಿದ್ದಳಲ್ಲ.